ನಾಲ್ಕನೇ ಇಯತ್ತೆಯ ಮಾಸ್ತರರು



ನವಲಗುಂದ ತಾಲೂಕಿನ ನನ್ನೂರಿನಲ್ಲಿ ಕಟಿಂಗ್ ಅಂಗಡಿಯ ಬಾಕಿನ ಕೆಳಗೆ ಪುಸ್ತಕಗಳದೊಂದು ಗಂಟು ಇರುತ್ತಿತ್ತು. ರಟ್ಟು ಕಿತ್ತುಹೋಗಿದ್ದವು, ಎಣ್ಣೆಗೈ ತಾಗಿ ಪುಟಗಳ ಮೂಲೆ ಕಪ್ಪಾಗಿದ್ದವು. ರವಿವಾರ ಪಾಳಿ ಬರುವತನಕ ಅವನ್ನು ಓದುವುದು, ಮುಗಿಯದಿದ್ದರೆ ಪುಟ ಮಡಚಿಟ್ಟು ಮುಂದಿನ ವಾರ ಬರುವುದು ರೂಢಿ. ನಮ್ಮ ಕಾಕಾ ಮೂರನೇ ಇಯತ್ತೆಗೆ ಸಾಲಿ ಬಿಟ್ಟು ಒಕ್ಕಲುತನ ಹಿಡಿದವರು. ಹೊಲದ ಕಾಗದಪತ್ರಕ್ಕೆ ಸಹಿ ಮಾಡುವುದು ಬಿಟ್ಟರೆ ಅಕ್ಷರದ ಜೊತೆ ಅವರಿಗೆ ಬೇರೆ ವ್ಯವಹಾರ ಇರಲಿಲ್ಲ. ಆ ಬಾಕಿನ ಮೇಲೆ ಕುಳಿತು, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸುತ್ತ ಓದುತ್ತಿದ್ದರು. “ಕಾಕಾ, ಖೂನಿ ಮಾಡಿದವ ಯಾರು?” ಎಂದು ಕೇಳಿದರೆ, “ತಡಿಯೋ ತಮ್ಮಾ, ಪುರುಷೋತ್ತಮ ಇನ್ನೂ ಹುಡುಕಾಕತ್ತಾನ” ಎನ್ನುತ್ತಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೆರಳು ಸಾಲು ಬಿಟ್ಟಿತ್ತು, ತುಟಿಯ ಅಲುಗಾಟ ನಿಂತಿತ್ತು. ಕಾಕಾ ಓದುಗರಾಗಿದ್ದರು.

ಆ ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯನವರು ಹುಟ್ಟಿ 2025ರ ಸೆಪ್ಟೆಂಬರ್ 18ಕ್ಕೆ ನೂರು ವರ್ಷ ತುಂಬಿತು. ಈ ಸಂಚಿಕೆಯ ಮೊದಲ ಮಾತು ಅವರಿಗೆ ಸಲ್ಲಬೇಕು.

ಚಿಕ್ಕಮಗಳೂರಿನಲ್ಲಿ ಹುಟ್ಟಿದ ನರಸಿಂಹಯ್ಯನವರ ಶಾಲೆಯ ಓದು ನಾಲ್ಕನೇ ತರಗತಿಗೆ ಮುಗಿಯಿತು. ಹೊಟ್ಟೆಪಾಡಿಗಾಗಿ ಸಿಕ್ಕ ಸಣ್ಣಪುಟ್ಟ ಕೆಲಸಗಳನ್ನು ಮಾಡಿಕೊಂಡೇ ಅವರು ಬರವಣಿಗೆಗೆ ಬಂದರು. 1952ರಲ್ಲಿ ಮೊದಲ ಕಾದಂಬರಿ ‘ಪತ್ತೇದಾರ ಪುರುಷೋತ್ತಮ’ ಹೊರಬಂತು. ಅದರ ಬೆನ್ನಿಗೆ ಮಧುಸೂದನ, ಅರಿಂಜಯ ಎಂಬ ಪತ್ತೇದಾರರು ಬಂದರು. 2011ರ ಡಿಸೆಂಬರಿನಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರಿನಲ್ಲಿ ಐನೂರಕ್ಕೂ ಹೆಚ್ಚು ಕಾದಂಬರಿಗಳಿದ್ದವು. ಲೋಕವೇ ಮೆಚ್ಚಿದ ಅಗಾಥಾ ಕ್ರಿಸ್ಟಿ ಬರೆದ ಪತ್ತೇದಾರಿ ಕಾದಂಬರಿಗಳು 66. ಐವತ್ತು ವರ್ಷ ಬಿಡದೆ ಬರೆದರೂ ಐನೂರು ಪುಸ್ತಕವೆಂದರೆ ವರ್ಷಕ್ಕೆ ಹತ್ತು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಎಂದು ಎರೆಹೊಲದಲ್ಲಿ ಎರಡು ಪೀಕು ತೆಗೆಯುವಷ್ಟರಲ್ಲೇ ಸೊಂಟ ಬಾಗುವ ನಮ್ಮ ರೈತರಿಗೆ ಗೊತ್ತು, ವರ್ಷಕ್ಕೆ ಹತ್ತು ಪೀಕು ತೆಗೆಯುವ ದುಡಿಮೆ ಎಂಥದೆಂದು.

ಅವರ ಗದ್ಯವನ್ನು ಒಮ್ಮೆ ಗಮನಿಸಿ ನೋಡಿರಿ. ವಾಕ್ಯ ಸಣ್ಣದು. ಮಾತು ಸರಳ. ಓದುಗ ಉಸಿರು ಬಿಡುವಲ್ಲಿ ಸಾಲು ಮುಗಿದಿರುತ್ತದೆ. ಅಧ್ಯಾಯ ಮುಗಿಯುವ ಕಡೆ ಒಂದು ಬಾಗಿಲು ಅರ್ಧ ತೆರೆದಿರುತ್ತದೆ. ಒಳಗೆ ಏನಿದೆ ಎಂದು ತಿಳಿಯಲು ಪುಟ ತಿರುವಲೇಬೇಕು. ಇದನ್ನು ಬರೀ ಜಾಣತನ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ಓದುವಾಗ ಎಲ್ಲಿ ಎಡವುತ್ತಾನೆ ಎಂಬುದು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವರಿಗಲ್ಲದೆ ಇನ್ನಾರಿಗೆ ತಿಳಿದೀತು?

ಹೊಸ ಓದುಗರನ್ನು ಹುಟ್ಟಿಸುವ ಈ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942), ತಮ್ಮ ಪುಸ್ತಕಗಳ ಹೊರೆ ಹೊತ್ತು ಊರೂರು ಅಲೆದರು, ಮನೆಮನೆಗೆ ಹೋಗಿ ಓದುಗರನ್ನು ಹುಡುಕಿದರು. ಮರಾಠಿಯ ನೆರಳಲ್ಲಿದ್ದ ಈ ನೆಲದಲ್ಲಿ ಕನ್ನಡ ಓದುವ ಹವ್ಯಾಸ ಹುಟ್ಟಿಸಿದ್ದು ಆ ನಡಿಗೆ. ಗಳಗನಾಥರು ತೆರೆದ ದಾರಿಯಲ್ಲೇ ನರಸಿಂಹಯ್ಯನವರ ಪುಸ್ತಕಗಳು ಬಸ್ಸು ಹತ್ತಿ, ರೈಲು ಹತ್ತಿ, ಸಂತೆಯ ಗಂಟಿನಲ್ಲಿ ಸೇರಿ ನಮ್ಮ ಹಳ್ಳಿಗಳಿಗೆ ಬಂದವು.

ಬೇರೆ ಭಾಷೆಗಳಲ್ಲೂ ಹೀಗೇ ನಡೆದಿದೆ. ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ ಓದಬೇಕೆಂದೇ ಎಷ್ಟೋ ಜನ ಹಿಂದಿ ಕಲಿತರೆಂದು ಹಿಂದಿಯವರು ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಪುರುಷೋತ್ತಮ ಹುಟ್ಟಿದ 1952ರಲ್ಲೇ ಅಲಹಾಬಾದಿನಲ್ಲಿ ಇಬ್ನೆ ಸಫಿಯವರು ಉರ್ದುವಿನಲ್ಲಿ ‘ಜಾಸೂಸಿ ದುನಿಯಾ’ ಮಾಲೆ ಶುರುಮಾಡಿದರು. ಉರ್ದು ಓದುಗರು ಇಂದಿಗೂ ಅವರ ಪುಸ್ತಕಗಳನ್ನು ಮರುಮುದ್ರಿಸಿ ಓದುತ್ತಾರೆ.

1952ರ ಆ ಹೊತ್ತಿನಲ್ಲಿ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಚಿಕ್ಕಮಗಳೂರು ಮೈಸೂರು ರಾಜ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ಎರಡೂ ಒಂದೇ ರಾಜ್ಯವಾದವು. ನಕ್ಷೆ ಒಂದಾದರೂ ಮಾತು ಒಂದಾಗಲು ಹೊತ್ತು ಹಿಡಿಯುತ್ತದೆ. ‘ಹೋಗಾಕತ್ತೇನಿ’ ಎನ್ನುವವರಿಗೆ ‘ಹೋಗುತ್ತಿದ್ದೇನೆ’ ಎಂಬುದು ತಮ್ಮದೇ ಮಾತು ಅನ್ನಿಸಬೇಕಾದರೆ ಯಾರಾದರೂ ಅದರಲ್ಲಿ ರಾತ್ರಿಯಿಡೀ ಕಥೆ ಹೇಳಬೇಕು. ಕಟಿಂಗ್ ಅಂಗಡಿಯ ಬಾಕಿನ ಮೇಲೆ ನಡೆದದ್ದು ಆ ಕೆಲಸ. ಪತ್ತೇದಾರಿ ಕಾದಂಬರಿಗೂ ಕನ್ನಡದ ಒಗ್ಗಟ್ಟಿಗೂ ಏನು ಸಂಬಂಧ ಎನ್ನುವವರು ಮ. ರಾಮಮೂರ್ತಿಯವರನ್ನು ನೆನೆಯಲಿ. ಪ್ರತಿ ರಾಜ್ಯೋತ್ಸವಕ್ಕೆ ನಮ್ಮ ಊರುಗಳಲ್ಲಿ ಏರುವ ಹಳದಿ ಕೆಂಪು ಬಾವುಟವನ್ನು ಕನ್ನಡಕ್ಕೆ ಕೊಟ್ಟ ಆ ಹೋರಾಟಗಾರರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ.

ಈ ಪುಸ್ತಕಗಳು ಓದಿನ ಜೊತೆಗೆ ಇನ್ನೊಂದು ಪಾಠವನ್ನೂ ಕಲಿಸಿದವು. 2010ರಲ್ಲಿ ಅಣ್ಣಿಗೇರಿಯಲ್ಲಿ ಗಟಾರದ ಕೆಲಸದ ವೇಳೆ ಮಣ್ಣಿನಡಿ ಮನುಷ್ಯರ ನೂರಾರು ತಲೆಬುರುಡೆಗಳು ಸಿಕ್ಕಿದವು. ಪಂಪನ ಊರೆಂದು, ಅಮೃತೇಶ್ವರ ಗುಡಿಯ ಊರೆಂದು ಹೆಸರಾದ ಪಟ್ಟಣಕ್ಕೆ ಸುತ್ತಲ ಹಳ್ಳಿಗಳೆಲ್ಲ ಹರಿದು ಬಂದವು. ಪ್ಲೇಗು ಎಂದರು, ಬರ ಎಂದರು, ಯುದ್ಧ ಎಂದರು. ಆ ಜಾತ್ರೆಯಲ್ಲಿ ನಿಂತಿದ್ದ, ಇಂಥ ಪುಸ್ತಕಗಳನ್ನು ಓದಿದ್ದ ನಮ್ಮೂರಿನ ಹಿರಿಯರೊಬ್ಬರು ಮೂರು ಪ್ರಶ್ನೆ ಕೇಳಿದರು: ಇವು ಯಾವ ಕಾಲದವು? ಮೈಯ ಉಳಿದ ಎಲುಬು ಎಲ್ಲಿ? ಇಟ್ಟವರು ಯಾಕೆ ಇಟ್ಟರು? ತಜ್ಞರು ಮಾದರಿಗಳನ್ನು ಕಾರ್ಬನ್ ಪರೀಕ್ಷೆಗೆ ಕಳಿಸಿದ್ದು ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕಲಿಕ್ಕೇ. ಗಾಳಿಮಾತು ನಂಬುವ ಮೊದಲು ಸಾಕ್ಷಿ ಕೇಳಬೇಕು, ಕೈಯಲ್ಲಿ ಸುಳಿವಿಲ್ಲದೆ ಯಾರ ಮೇಲೂ ಬೆರಳು ಮಾಡಬಾರದು. ಅಗ್ಗದ ಕಾಗದದ ಆ ಪುಸ್ತಕಗಳು ಮನೆಮನೆಗೆ ಹೇಳಿಕೊಟ್ಟ ವಿವೇಕ ಇದು. ಮೊಬೈಲಿನಲ್ಲಿ ಬಂದದ್ದೆಲ್ಲ ಸತ್ಯವಾಗುವ ಇಂದಿನ ದಿನಗಳಲ್ಲಿ ಈ ಪಾಠದ ಬೆಲೆ ಇನ್ನೂ ಹೆಚ್ಚಿದೆ.

ಐನೂರು ಕಾದಂಬರಿಗಳೂ ಒಂದೇ ತೂಕದವಲ್ಲ. ಅವಸರದಲ್ಲಿ ಬರೆದವು ಇವೆ, ಒಂದೇ ಅಚ್ಚಿನವು ಇವೆ. ಅದನ್ನು ಬಚ್ಚಿಡಬೇಕಾಗಿಲ್ಲ. ಆದರೆ ಒಬ್ಬ ಲೇಖಕನನ್ನು ಅಳೆಯಲು ಎರಡು ಸೇರುಗಳಿರುತ್ತವೆ. ಎಂಥ ಪುಸ್ತಕ ಬರೆದ ಎಂಬುದು ಒಂದು, ಎಂಥ ಓದುಗರನ್ನು ಬಿಟ್ಟುಹೋದ ಎಂಬುದು ಇನ್ನೊಂದು. ನಮ್ಮ ವಿಮರ್ಶೆ ಮೊದಲನೆಯದನ್ನೇ ಹಿಡಿದು ಕೂತಿತು. ಎರಡನೆಯದರಲ್ಲಿ ಅಳೆದರೆ ನರಸಿಂಹಯ್ಯನವರು ಈ ನಾಡಿನ ದೊಡ್ಡ ಮಾಸ್ತರರಲ್ಲಿ ಒಬ್ಬರು. ನಮ್ಮ ಕಾಕಾ ಪುರುಷೋತ್ತಮನಿಂದ ಅನಕೃ ಅವರಿಗೆ, ಅಲ್ಲಿಂದ ಬೇಂದ್ರೆಯವರ ಪದ್ಯಕ್ಕೆ ಬಂದರು. ಮೊದಲನೆಯ ಮೆಟ್ಟಿಲು ಇಲ್ಲದಿದ್ದರೆ ಅವರು ಮೇಲಿನ ಮೆಟ್ಟಿಲನ್ನು ಹತ್ತುವುದು ಎಲ್ಲಿ ಬಂತು?

ಈಗ ಆ ಮೆಟ್ಟಿಲೇ ಕುಸಿಯುತ್ತಿದೆ. ಅಗ್ಗದ ಕಾಗದದ ಮೇಲೆ ಅಚ್ಚಾದ ಪುಸ್ತಕಗಳು ಮುಟ್ಟಿದರೆ ಪುಡಿಯಾಗುತ್ತಿವೆ. ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಅಂಗಡಿಗಳು ಮುಚ್ಚಿದವು, ಅವುಗಳ ಗಂಟು ರದ್ದಿಗೆ ಹೋಯಿತು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಕನ್ನಡ ಓದುತ್ತಿರುವ ನಮ್ಮ ಹಳ್ಳಿಯ ಹುಡುಗ ಹುಡುಗಿಯರಲ್ಲಿ ಒಬ್ಬರಾದರೂ ಈ ಓದುಗರ ಚರಿತ್ರೆಯನ್ನು ಸಂಶೋಧನೆಗೆ ಎತ್ತಿಕೊಳ್ಳಲಿ. ಬಾಕಿನ ಮೇಲೆ ಕುಳಿತು ಓದಿದ ಹಿರಿಯರು ಇನ್ನೂ ಕೆಲವರು ಬದುಕಿದ್ದಾರೆ. ಅವರನ್ನು ಕೇಳಲು ಇದೇ ಹೊತ್ತು.

ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿಯ ನಮ್ಮ ಓದುಗರಲ್ಲಿ ಒಂದು ಬೇಡಿಕೆ. ಈ ವಾರ ನಿಮ್ಮ ಮನೆಯ ನಾಗೊಂದಿಗೆ, ಹಳೆಯ ಟ್ರಂಕು, ಅಟ್ಟ ಒಮ್ಮೆ ನೋಡಿರಿ. ನರಸಿಂಹಯ್ಯನವರ ಪುಸ್ತಕ ಸಿಕ್ಕರೆ ರದ್ದಿಗೆ ಹಾಕಬೇಡಿರಿ. ಅದನ್ನು ನಿಮ್ಮ ಮನೆಯಲ್ಲಿ ಮೊದಲು ಓದಿದವರ ಹೆಸರನ್ನು, ಊರನ್ನು ಒಳಪುಟದಲ್ಲಿ ಬರೆದು ನಿಮ್ಮ ಪಂಚಾಯತಿಯ ಗ್ರಂಥಾಲಯಕ್ಕೆ ಕೊಡಿರಿ. ಕೊನೆಯ ಪುಟ ಹರಿದಿದ್ದರೂ ಕೊಡಿರಿ. ಇನ್ನೊಂದು ಊರಿನ ಪ್ರತಿಯಲ್ಲಿ ಆ ಪುಟ ಇದ್ದೀತು.

— ಸಂಪಾದಕ