ಪಟಿಯಾಲದಲ್ಲಿ ನೋಡತಕ್ಕದ್ದೇನು?

ಪಂಜಾಬಿನ ಪಟಿಯಾಲ ನಗರದ ವಿಚಾರವಾಗಿ ಪ್ರವಾಸಿಗರ ಕೈಪಿಡಿಗಳನ್ನು ತೆರೆದರೆ ಎಲ್ಲವೂ ಒಂದೇ ಜಾಡು ಹಿಡಿದು ಸಾಗುತ್ತವೆ. ಮೊದಲು ಖಿಲಾ ಮುಬಾರಕ್, ಆಮೇಲೆ ಶೀಶ್ ಮಹಲ್, ಅನಂತರ ಬಾರಾದರಿ ಉದ್ಯಾನ, ಕಾಳಿಯ ದೇವಾಲಯ. ಕಡೆಗೆ ಪೇಟೆಯಲ್ಲಿ ಕೊಳ್ಳತಕ್ಕ ಕಸೂತಿಯ ಜೋಡು ಮತ್ತು ಫುಲ್ಕಾರಿ. ನಾನು ಆ ಊರನ್ನು ಕಂಡವನಲ್ಲ. ಗ್ರಂಥಾಲಯದಲ್ಲಿ ಕುಳಿತು ಓದಿ ತಿಳಿದವನು. ಓದುತ್ತ ಹೋದಂತೆ ಒಂದು ಅಭಿಪ್ರಾಯ ಮಾತ್ರ ನನ್ನಲ್ಲಿ ಬಲವಾಯಿತು. ಈ ಪಟ್ಟಿ ಅರ್ಧದ್ದು. ರಾಜರು ಏನನ್ನು ಕಟ್ಟಿಸಿದರೆಂಬುದನ್ನು ಅದು ಹೇಳುತ್ತದೆ. ಕಟ್ಟಿಸಿದ್ದರ ಬಾಗಿಲು ಯಾರಿಗೆ ತೆರೆಯಿತೆಂಬುದನ್ನು ಹೇಳುವುದಿಲ್ಲ.

ಕೋಟೆಯ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಬಾಬಾ ಆಲಾ ಸಿಂಗನು ೧೭೬೩ರಲ್ಲಿ ಮಣ್ಣಿನಿಂದ ಕಟ್ಟಲಾರಂಭಿಸಿದ ಕೋಟೆ ಅದು, ಮುಂದೆ ಇಟ್ಟಿಗೆಯದಾಯಿತು. ಹಳೆಯ ಪೇಟೆಯೆಲ್ಲ ಅದರ ಸುತ್ತ ಬೆಳೆದುಕೊಂಡಿತು. ಒಳಗಿನ ಖಿಲಾ ಅಂದರೂನಿನ ಕೋಣೆಗಳ ಗೋಡೆ ತುಂಬ ಚಿತ್ರಗಳು, ದರ್ಬಾರ್ ಹಾಲಿನಲ್ಲಿ ಗಾಜಿನ ತೂಗುದೀಪಗಳು. ಇಂಥ ಕೋಟೆ ಎಷ್ಟು ಶಿಥಿಲವಾಗಿತ್ತೆಂದರೆ, ೨೦೦೪ರಲ್ಲಿ ವಿಶ್ವ ಸ್ಮಾರಕ ನಿಧಿಯವರು ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದರು.

ಶೀಶ್ ಮಹಲಿನದು ಇನ್ನೊಂದು ಬಗೆಯ ಸೊಗಸು. ಮಹಾರಾಜ ನರಿಂದರ್ ಸಿಂಗನು ೧೮೪೭ರಲ್ಲಿ ಕಟ್ಟಿಸಿದ ಕನ್ನಡಿಯ ಮನೆ. ಕಾಂಗ್ರಾ ಮತ್ತು ರಾಜಸ್ಥಾನದ ಕಲಾವಿದರು ಸೂರದಾಸ, ಕೇಶವದಾಸ, ಬಿಹಾರಿಯರ ಕಾವ್ಯಲೋಕವನ್ನು ಅಲ್ಲಿ ಬಣ್ಣದಲ್ಲಿ ಇಳಿಸಿದ್ದಾರೆ. ಎದುರಿನ ಕೊಳಕ್ಕೆ ಲಕ್ಷ್ಮಣ ಝೂಲಾ ಎಂಬ ತೂಗುಸೇತುವೆ. ಮಹಾರಾಜ ಭೂಪಿಂದರ್ ಸಿಂಗನು ದೇಶದೇಶಗಳಿಂದ ಕೂಡಿಸಿದ ಮೂರು ಸಾವಿರಕ್ಕೂ ಮೀರಿದ ಪದಕಗಳ ಸಂಗ್ರಹವೂ ಈ ಮಹಲಿನ ಹೆಸರಿಗೆ ಅಂಟಿಕೊಂಡಿದೆ. ಒಬ್ಬ ಮನುಷ್ಯನಿಗೆ ಅಷ್ಟು ಪದಕಗಳು ಏತಕ್ಕೋ, ನಾನರಿಯೆ!

ಈ ಭೂಪಿಂದರ್ ಸಿಂಗನೇ ೧೯೧೧ರಲ್ಲಿ ಇಂಗ್ಲೆಂಡಿಗೆ ಹೋದ ಭಾರತೀಯ ಕ್ರಿಕೆಟ್ ತಂಡದ ನಾಯಕ. ಆದರೆ ಆತ ಆಡಿದ್ದು ಕೆಲವೇ ಪಂದ್ಯಗಳು. ಅದು ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ವರ್ಷ, ಔತಣ ಸಮಾರಂಭಗಳಿಗೆ ಕೊನೆಯಿರಲಿಲ್ಲ. ಆ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ಟುಗಳನ್ನು ಉರುಳಿಸಿದವರು ಪಾಲ್ವಂಕರ್ ಬಾಲೂ. ಇವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರರ ಮನೆಯಲ್ಲಿ. ಪುಣೆಯಲ್ಲಿ ಕ್ರೀಡಾಂಗಣದ ಹುಲ್ಲು ನೋಡಿಕೊಳ್ಳುವ ಚಾಕರಿಯಿಂದ ಮೇಲೆ ಬಂದವರು. ಅಲ್ಲಿ ಸಹ ಆಟಗಾರರೊಡನೆ ಮೈದಾನದಲ್ಲಿ ಆಡಬಹುದಿತ್ತು, ಚಹದ ಲೋಟ ಮಾತ್ರ ಬೇರೆ. ಪಟಿಯಾಲದ ಕ್ರಿಕೆಟ್ ವೈಭವವನ್ನು ಬಣ್ಣಿಸುವಾಗ ನಾಯಕನ ಹೆಸರಿನ ಜೊತೆಗೆ ಈ ಹೆಸರನ್ನೂ ಹೇಳಿದರೆ ಗಂಟೇನು ಹೋಗುತ್ತದೆ?

ನನ್ನ ಪಟ್ಟಿಯಲ್ಲಿ ಮೊದಲು ಬರತಕ್ಕದ್ದು ಹಳೆಯ ಮೋತಿಬಾಗ್ ಅರಮನೆ. ಅದು ಚೆಲುವಾಗಿದೆಯೆಂದಲ್ಲ. ೧೯೬೧ರಲ್ಲಿ ಅಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾಯಿತು. ದೇಶದ ಮೂಲೆಮೂಲೆಯ ತರುಣ ತರುಣಿಯರು ಅಂದಿನಿಂದ ಅರಸರ ಅಂಗಳದಲ್ಲಿ ಬೆವರು ಹರಿಸುತ್ತ ಬಂದಿದ್ದಾರೆ. ೨೦೨೧ರಲ್ಲಿ ಟೋಕಿಯೋದಲ್ಲಿ ಭಾರ ಎತ್ತಿ ಬೆಳ್ಳಿ ಗೆದ್ದ ಮಣಿಪುರದ ಹಳ್ಳಿಯ ಮೀರಾಬಾಯಿ ಚಾನು ಅಭ್ಯಾಸ ನಡೆಸಿದ್ದು ಇಲ್ಲಿಯೇ. ಸಂಗ್ರಹದ ಮೂರು ಸಾವಿರ ಪದಕಗಳಿಗಿಂತ ಆ ಒಂದು ಪದಕ ನನಗೆ ಹೆಚ್ಚು ತೂಕವಾಗಿ ಕಾಣುತ್ತದೆ.

ಎರಡನೆಯದು ಮೊಹಿಂದ್ರಾ ಕಾಲೇಜು. ೧೮೭೫ರಲ್ಲಿ ಅಸ್ತಿಭಾರ ಹಾಕಿದ ಈ ಕಾಲೇಜು ಇಂದು ಸರ್ಕಾರಿ ಕಾಲೇಜು, ನಮ್ಮದರಂತೆಯೇ. ಕೈಪಿಡಿಗಳು ಅದರ ಕಮಾನು ಗೋಪುರಗಳನ್ನು ಹೊಗಳಿ ಮುಂದೆ ಸಾಗಿಬಿಡುತ್ತವೆ. ನನ್ನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನಂಥವನಿಗೆ ಕಾಲೇಜೆಂದರೆ ಕಮಾನಲ್ಲ, ಹಾಜರಿ ಪುಸ್ತಕ. ಒಕ್ಕಲಿನ ಮನೆಯ ಎಷ್ಟು ಹೆಸರುಗಳು ಆ ಪುಸ್ತಕದಲ್ಲಿ ಏರಿದವೆಂಬುದೇ ಅಂಥ ಕಟ್ಟಡದ ನಿಜವಾದ ಶಿಲ್ಪ.

ಈಗ ಹೊಸ ಸಂಗತಿಯೊಂದಿದೆ. ಕೋಟೆಯ ಒಳಗಿನ ರಣ್ ಬಾಸ್ ಎಂಬ ಭವನ ದುರಸ್ತಿಯಾಗಿ, ೨೦೨೫ರಲ್ಲಿ ಐಷಾರಾಮದ ಹೋಟೆಲಾಗಿ ತೆರೆಯಿತು. ಬೀಳುವ ಗೋಡೆಯನ್ನು ನಿಲ್ಲಿಸಲು ಹಣ ಬೇಕು, ಹಣವಂತ ಅತಿಥಿ ಬಂದರೆ ಸುಣ್ಣ ಬಣ್ಣವಾಗುತ್ತದೆ ಎಂಬ ವಾದವಿದೆ. ಅದನ್ನು ತಳ್ಳಿಹಾಕಲಾರೆ, ಬಾವಲಿಗಳಿಗಿಂತ ಅತಿಥಿ ಮೇಲು. ಆದರೂ ಮನಸ್ಸು ಒಪ್ಪುವುದಿಲ್ಲ. ಆ ಊರಿನ ಜನ ೧೯೪೮ರವರೆಗೂ ಅರಸೊತ್ತಿಗೆಯ ಕೆಳಗಿದ್ದವರು. ಆ ವರ್ಷ ಪೆಪ್ಸು ಒಕ್ಕೂಟಕ್ಕೆ ಪಟಿಯಾಲವೇ ರಾಜಧಾನಿಯಾಯಿತು. ೧೯೫೬ರ ನವೆಂಬರ್ ೧ರಂದು, ನಾವು ರಾಜ್ಯೋತ್ಸವ ಆಚರಿಸುವ ದಿನವೇ, ಅದು ಪಂಜಾಬಿನಲ್ಲಿ ಸೇರಿಹೋಯಿತು. ಹೀಗೆ ಪ್ರಜೆಗಳದಾದ ನಗರದಲ್ಲಿ ಕೋಟೆಯ ಒಂದು ಬಾಗಿಲು ಮತ್ತೆ ಸಿರಿವಂತರಿಗಷ್ಟೇ ತೆರೆಯುವುದಾದರೆ, ಪೇಟೆಯ ಜೋಡು ಹೊಲಿಯುವವನ ಮಗನಿಗೆ ಅದು ಹಿಂದಿನಷ್ಟೇ ದೂರ. ಅದೇ ಊರಿನ ದುಃಖನಿವಾರಣ ಗುರುದ್ವಾರದಲ್ಲಿ ಲಂಗರಿನ ಪಂಕ್ತಿಯಲ್ಲಿ ಯಾರು ಬೇಕಾದರೂ ಕೂರಬಹುದು. ನೆಲದ ಮೇಲೆ, ಎಲ್ಲರೂ ಒಂದೇ ಸಾಲಿನಲ್ಲಿ.

ಪಟ್ಟಿಯಲ್ಲಿ ಎಲ್ಲಿಯೂ ಕಾಣದ ಇನ್ನೊಂದು ತಾಣವುಂಟು: ಪಟಿಯಾಲದ ಸೆರೆಮನೆ. ರಿಯಾಸತಿ ಪ್ರಜಾಮಂಡಲದ ನಾಯಕ ಸೇವಾ ಸಿಂಗ್ ಠೀಕ್ರೀವಾಲರು ಮಹಾರಾಜನ ಬಂದಿಯಾಗಿದ್ದು, ಉಪವಾಸ ಹೂಡಿ, ೧೯೩೫ರ ಜನವರಿಯಲ್ಲಿ ಪ್ರಾಣ ಬಿಟ್ಟದ್ದು ಅಲ್ಲಿ. ಮರುವರ್ಷ ೧೯೩೬ರಲ್ಲಿ ಅದೇ ಮಹಾರಾಜನು ಕಟ್ಟಿಸಿದ ಕಾಳಿಯ ದೇವಾಲಯ ಎಲ್ಲ ಕೈಪಿಡಿಗಳಲ್ಲಿಯೂ ಇದೆ. ವಿದುರಾಶ್ವತ್ಥವನ್ನು ಬಲ್ಲ ನಮಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ದರ್ಬಾರ್ ಹಾಲಿನಲ್ಲಿ ತೂಗುದೀಪ ತೋರಿಸುವ ಮಾರ್ಗದರ್ಶಿ ಎರಡು ನಿಮಿಷ ಈ ಹೆಸರಿಗೂ ಕೊಡಲಿ. ಶಾಲಾ ಕಾಲೇಜಿನ ಮಕ್ಕಳಿಗೆ ವಾರದಲ್ಲೊಂದು ದಿನ ರಣ್ ಬಾಸಿನ ಅಂಗಳವನ್ನು ಕಾಸಿಲ್ಲದೆ ತೆರೆಯಲಿ.