ಸೇವೆಗೆ ಯಾರು ಅರ್ಹರು?

ಸೇವಾಸಂಸ್ಥೆಗಳ ವಾರ್ಷಿಕ ವರದಿಗಳು ಆಗಾಗ ನಮ್ಮ ಶಾಲೆಗೂ ಬರುತ್ತವೆ. ಮೊದಲ ಪುಟದಲ್ಲಿಯೇ ಪದಾಧಿಕಾರಿಗಳ ಯಾದಿ. ಪ್ರತಿ ಹೆಸರಿನ ಮುಂದೆ ಪದವಿಗಳ ಸಾಲು. ಸಂಸ್ಥೆಯ ಯೋಗ್ಯತೆಯನ್ನು ಆ ಸಾಲಿನಿಂದಲೇ ಅಳೆಯುವ ರೂಢಿ ನಮ್ಮಲ್ಲಿ ಬೇರೂರಿದೆ. ಪದವಿ ಬೇಡವೆನ್ನುವುದು ಮಾಸ್ತರನಾದವನಿಗೆ ಒಪ್ಪುವ ಮಾತಲ್ಲ. ಆದರೆ ಆ ಪದವಿ ಯಾರ ಉಪಯೋಗಕ್ಕೆ ಬಂತೆಂದು ಕೇಳಲೇಬೇಕು. ಉತ್ತರಕ್ಕಾಗಿ ವಾಚಕರು ನಮ್ಮ ಸೊಲ್ಲಾಪುರ ಸೀಮೆಗೆ ಬಹಳ ದೂರವಲ್ಲದ ಜಾಮಖೇಡದ ಕಡೆ ನೋಡಬಹುದು.

ಅಹಮದನಗರ ಜಿಲ್ಲೆಯ, ಅಂದರೆ ಇಂದಿನ ಅಹಿಲ್ಯಾನಗರದ, ಆ ಬರಪೀಡಿತ ತಾಲೂಕಿನಲ್ಲಿ ಡಾ. ರಜನೀಕಾಂತ ಆರೋಳೆ ಮತ್ತು ಡಾ. ಮೇಬಲ್ ಆರೋಳೆ ದಂಪತಿಗಳು 1970ರಲ್ಲಿ ಸಮಗ್ರ ಗ್ರಾಮೀಣ ಆರೋಗ್ಯ ಯೋಜನೆಯನ್ನು ಆರಂಭಿಸಿದರು. ಇಬ್ಬರೂ ವೆಲ್ಲೂರಿನ ವೈದ್ಯಕೀಯ ಪದವೀಧರರು. ಅಮೆರಿಕೆಯ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಅಭ್ಯಸಿಸಿ ಬಂದವರು. ರಜನೀಕಾಂತರ ತಂದೆತಾಯಿಗಳಿಬ್ಬರೂ ಶಾಲಾಶಿಕ್ಷಕರಾಗಿದ್ದರೆಂಬುದನ್ನು ಹೇಳದೆ ಮುಂದುವರಿಯಲು ನನ್ನ ವೃತ್ತಿಯ ಅಭಿಮಾನ ಬಿಡದು.

ಅವರು ಮೊದಲು ತರಬೇತಾದ ದಾದಿಯರನ್ನೇ ಹಳ್ಳಿಗಳಿಗೆ ಕಳುಹಿಸಿದರು. ಅದು ಫಲಿಸಲಿಲ್ಲ. ಹೊರಗಿನಿಂದ ಬಂದ ತರುಣಿಯ ಮಾತಿಗೆ ಊರಿನ ಹೆಂಗಸರು ಕಿವಿಗೊಡಲಿಲ್ಲ. ಆಗ ಊರಿಗೊಬ್ಬ ಹೆಣ್ಣುಮಗಳನ್ನು ಊರಿನೊಳಗಿಂದಲೇ ಆರಿಸಲಾಯಿತು. ಹಾಗೆ ಬಂದವರಲ್ಲಿ ಅನೇಕರು ದಲಿತರು. ಅನೇಕರಿಗೆ ಅಕ್ಷರವೇ ಬಾರದು. ವಾರವಾರ ಜಾಮಖೇಡಕ್ಕೆ ಬಂದು, ರಾತ್ರಿ ಅಲ್ಲಿಯೇ ತಂಗಿ, ಗರ್ಭಿಣಿಯ ಆರೈಕೆ, ಶುಚಿಯಾದ ಹೆರಿಗೆ, ಭೇದಿಯಾದ ಕೂಸಿಗೆ ಉಪ್ಪು ಸಕ್ಕರೆಯ ನೀರು ಕುಡಿಸುವ ಕ್ರಮ ಇವನ್ನೆಲ್ಲ ಕಲಿತರು. ಬೇರೆ ಬೇರೆ ಜಾತಿಯ ಈ ಹೆಂಗಸರು ಹೊದ್ದು ಮಲಗುತ್ತಿದ್ದುದು ಒಂದೇ ದೊಡ್ಡ ಕೌದಿಯನ್ನು. ನಮ್ಮ ಶಿಕ್ಷಕ ತರಬೇತಿಯ ಬೋಧನೋಪಕರಣಗಳ ಯಾದಿಯಲ್ಲಿ ಕೌದಿ ಇರಲಿಲ್ಲ!

ಆರಂಭದಲ್ಲಿ ಆ ಹಳ್ಳಿಗಳಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 176 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 1990ರ ದಶಕದ ವೇಳೆಗೆ ಅದು ಇಪ್ಪತ್ತರ ಆಸುಪಾಸಿಗೆ ಇಳಿಯಿತೆಂದು ಯೋಜನೆಯ ಲೆಕ್ಕ ಹೇಳುತ್ತದೆ. ದಂಪತಿಗಳಿಗೆ 1979ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಮೇಬಲ್ 1999ರಲ್ಲಿ, ರಜನೀಕಾಂತರು 2011ರಲ್ಲಿ ತೀರಿಕೊಂಡರು. ಮುಂದಾಳುತನ ಮಗಳು ಡಾ. ಶೋಭಾ ಮತ್ತು ಮಗ ರವಿ ಇವರಿಗೆ ಬಂತು. ಅದು ಮನೆತನದೊಳಗೇ ಉಳಿಯಿತಲ್ಲ ಎಂದು ನನಗೆ ಅನಿಸಿದ್ದುಂಟು. ಆದರೂ ಅಲ್ಲಿಗೆ ಕಲಿಯಲು ಬರುವ ವೈದ್ಯರಿಗೆ ಪಾಠ ಹೇಳುವವರಲ್ಲಿ ಆ ಹಳ್ಳಿಯ ಹೆಂಗಸರೂ ಇದ್ದಾರೆಂಬುದು ಸಣ್ಣ ಸಂಗತಿಯಲ್ಲ.

2005ರಲ್ಲಿ ಸರಕಾರ ಆಶಾ ಕಾರ್ಯಕರ್ತೆಯರನ್ನು ನೇಮಿಸತೊಡಗಿದಾಗ ಅವಳು ಊರಿನವಳೇ ಆಗಿರಬೇಕೆಂಬ ಒಳ್ಳೆಯ ನಿಯಮ ಬಂತು. ಅದರೊಡನೆ ಎಂಟನೆಯ ಇಯತ್ತೆಯ ಓದೂ ಬೇಕಾಯಿತು. ವಿನಾಯಿತಿಗೆ ದಾರಿ ಇಟ್ಟಿದ್ದರೂ, ಜಾಮಖೇಡದ ಮೊದಲ ತಂಡದ ಎಷ್ಟೋ ಜನ ಈ ಹೊಸ್ತಿಲಲ್ಲಿಯೇ ನಿಲ್ಲಬೇಕಾಗುತ್ತಿತ್ತು.

ನಮ್ಮ ಗಡಿಭಾಗಕ್ಕೆ ಇದು ದೂರದ ಮಾತಲ್ಲ. ಅಕ್ಕಲಕೋಟೆ, ಜತ್ತ ಭಾಗದ ಮುದುಕಿ ತನ್ನ ಬೇನೆಯನ್ನು ಕನ್ನಡದಲ್ಲಿಯೇ ಹೇಳುತ್ತಾಳೆ. “ಹೊಟ್ಟಿ ತೊಳಸ್ತದವ್ವಾ” ಎಂದರೆ, ಹೊರಜಿಲ್ಲೆಯಿಂದ ಬಂದ ಪದವೀಧರೆ ಏನೆಂದು ಬರೆದುಕೊಂಡಾಳು? ನಮ್ಮ ಸಂಘಗಳೂ ಶಿಬಿರಗಳಿಗೆ ಕಾರ್ಯಕರ್ತೆಯರನ್ನು ಆರಿಸುವಾಗ ಅರ್ಜಿಯಲ್ಲಿ ವಿದ್ಯಾರ್ಹತೆಯನ್ನೇ ಮೊದಲು ಕೇಳುತ್ತವೆ. ಅದರ ಮೇಲೆ ಇನ್ನೊಂದು ಪ್ರಶ್ನೆಯನ್ನು ಸೇರಿಸಬೇಕೆಂದು ಪದಾಧಿಕಾರಿಗಳಲ್ಲಿ ನನ್ನ ವಿನಂತಿ: ಈ ಊರಿನ ಎಷ್ಟು ಮನೆಗಳಲ್ಲಿ, ಯಾವ ಯಾವ ಓಣಿಗಳಲ್ಲಿ, ನೀವು ಅಡಿಗೆಮನೆಯವರೆಗೆ ಹೋಗಿ ಕೂಡ್ರಬಲ್ಲಿರಿ?