ಟಯರಿಗೆ 18 ಲ್ಯಾಪು, ಮನುಷ್ಯನಿಗೆ ಎಷ್ಟು?

ಏಪ್ರಿಲ್ ಬಂತು ಅಂದ್ರೆ ಆಫೀಸಿನ ವಾಟ್ಸ್ಯಾಪ್ ಗುಂಪಿಗೆ ಒಂದು ವಿಡಿಯೋ ಬಂದೇ ಬರುತ್ತೆ. ರಸ್ತೆ ಬದಿಯಲ್ಲಿ ಹೊಗೆ ಉಗುಳುತ್ತಾ ನಿಂತ, ಕೋಟಿಗಟ್ಟಲೆ ಬೆಲೆಯ ಸ್ಪೋರ್ಟ್ಸ್ ಕಾರು. ಕೆಳಗೆ ಯಾರೋ ಒಬ್ಬರ ತೀರ್ಪು: "ಇವೆಲ್ಲ ಯುರೋಪಿನ ಚಳಿಗೆ ಸರಿ, ನಮ್ಮ ಬಿಸಿಲಿಗಲ್ಲ ಗುರೂ." ಕಾರಿನ ಮೇಲಿನ ಈ ಕನಿಕರದ ಬಗ್ಗೆಯೇ ನನ್ನ ತಕರಾರು. ಬಿಸಿಲಿನಿಂದ ಆ ಕಾರನ್ನು ಕಾಪಾಡೋಕೆ ಪಟ್ಟಷ್ಟು ಪಾಡನ್ನು ನಾವು ಮನುಷ್ಯರಿಗಾಗಿ ಪಟ್ಟಿಲ್ಲ ಕಣ್ರೀ.

ಮೊದಲು ಲೆಕ್ಕ ನೋಡೋಣ. ಬಿಇಯಲ್ಲಿ ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಬಿದ್ದವನು ನಾನು, ಅಷ್ಟಾದರೂ ನೆನಪಿದೆ. ಪೆಟ್ರೋಲ್ ಎಂಜಿನ್ ಕುಡಿದ ಇಂಧನದಲ್ಲಿ ಕೆಲಸಕ್ಕೆ ಬರೋದು ಸುಮಾರು ಮೂರನೇ ಒಂದು ಪಾಲು. ಉಳಿದದ್ದೆಲ್ಲ ಶಾಖ. 1001 ಅಶ್ವಶಕ್ತಿಯ ಬುಗಾಟಿ ವೇರಾನ್‌ಗೆ 10 ರೇಡಿಯೇಟರ್ ಇಟ್ಟದ್ದು ಶೋಕಿಗಲ್ಲ. ರೇಡಿಯೇಟರಿನ ಕೂಲಂಟ್ 100 ಡಿಗ್ರಿ ಇದೆ ಅಂದುಕೊಳ್ಳಿ. ಹೊರಗೆ 25 ಡಿಗ್ರಿ ಇದ್ದರೆ ಅಂತರ 75. ಹೊರಗೆ 45 ಆದರೆ ಅಂತರ ಬರೀ 55. ಅಂತರ ಇಳಿದಷ್ಟೂ ಶಾಖ ಹೊರಗೆ ಹೋಗೋದೂ ಇಳಿಯುತ್ತೆ. ಅದೇ ರೇಡಿಯೇಟರು, ಆದರೆ ಕೆಲಸದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಖೋತಾ. ಟ್ರಾಫಿಕ್ಕಿನಲ್ಲಿ ನಿಂತರೆ ಎದುರುಗಾಳಿಯೂ ಇಲ್ಲ, ಫ್ಯಾನೇ ಗತಿ.

ಇದೆಲ್ಲ ಕಾರು ಮಾಡುವವರಿಗೆ ಗೊತ್ತಿಲ್ಲವಾ? ಚೆನ್ನಾಗಿ ಗೊತ್ತು. ಅದಕ್ಕೇ ಹೊಸ ಮಾಡೆಲ್ಲುಗಳಿಗೆ ಮುಸುಕು ಹಾಕಿ ಅಮೆರಿಕದ ಡೆತ್ ವ್ಯಾಲಿಗೆ ಒಯ್ದು ಓಡಿಸ್ತಾರೆ. ಕೂಲಂಟು, ಎಂಜಿನ್ ಆಯಿಲು, ಒಳಗೆ ಹೋಗುವ ಗಾಳಿ, ಎಲ್ಲದಕ್ಕೂ ಸೆನ್ಸರ್ರು. ಮಿತಿ ದಾಟುವ ಸೂಚನೆ ಸಿಕ್ಕಿದ ತಕ್ಷಣ ಕಂಪ್ಯೂಟರ್ ತಾನೇ ಶಕ್ತಿ ತಗ್ಗಿಸುತ್ತೆ. ನೀವು ಎಷ್ಟೇ ತುಳೀರಿ, ಕಾರು "ಆಗಲ್ಲ" ಅನ್ನುತ್ತೆ. ಆ "ಆಗಲ್ಲ" ಅನ್ನುವ ಹಕ್ಕನ್ನು ಯಾರೋ ಎಂಜಿನಿಯರ್ ಕೂತು ಕೋಡ್ ಬರೆದು ಕೊಟ್ಟಿದ್ದಾನೆ. 2010ರಲ್ಲಿ ಫೆರಾರಿ 458 ಇಟಾಲಿಯಾ ಕಾರುಗಳು ಅಲ್ಲಲ್ಲಿ ಹೊತ್ತಿಕೊಂಡವು. ಚಕ್ರದ ಗೂಡಿನಲ್ಲಿ ಬಳಸಿದ್ದ ಅಂಟು ಬಿಸಿಗೆ ತಡೆಯುತ್ತಿರಲಿಲ್ಲ. ಕಂಪನಿ ಸಾವಿರಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿ, ಅಂಟು ತೆಗೆದು ರಿವೆಟ್ ಹೊಡೆಯಿತು. ಯಾರೂ ಫೆರಾರಿಗೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಅನ್ನಲಿಲ್ಲ.

ಈಗ ಕಾರಿನೊಳಗೆ ಕೂತವನ ಕಡೆ ನೋಡಿ. 2023ರ ಅಕ್ಟೋಬರ್ 8, ಕತಾರ್‌ನ ಲುಸೈಲ್, ಫಾರ್ಮುಲಾ ಒನ್ ರೇಸು. ರಾತ್ರಿಯಾದರೂ 30 ಡಿಗ್ರಿ ದಾಟಿದ ಸೆಕೆ, ಮೇಲೆ ತೇವದ ಗಾಳಿ. ಟ್ರ್ಯಾಕಿನ ಅಂಚುಕಟ್ಟೆಗಳು ಟಯರಿನ ಪಕ್ಕೆಯನ್ನು ಹಾಳು ಮಾಡುತ್ತಿವೆ ಅಂತ ಪಿರೆಲಿ ಕಂಪನಿಗೆ ಗೊತ್ತಾಯಿತು. ಕೂಡಲೇ ನಿಯಮ ಬಂತು: ಒಂದು ಟಯರು 18 ಲ್ಯಾಪಿಗಿಂತ ಹೆಚ್ಚು ಓಡಬಾರದು. ರೇಸು 57 ಲ್ಯಾಪು. ಮೂರು ಸಲ ಟಯರ್ ಬದಲಿಸಲೇಬೇಕು ಅಂದಮೇಲೆ ಅದನ್ನು ಉಳಿಸಿಕೊಂಡು ಓಡಿಸುವ ಅಗತ್ಯವೇ ಇಲ್ಲವಲ್ಲ, ಡ್ರೈವರುಗಳು ಪ್ರತಿ ಲ್ಯಾಪೂ ಉಸಿರು ಬಿಗಿಹಿಡಿದು ಓಡಿಸಿದರು. ಟಯರಿಗೆ ಸಿಕ್ಕ ರಕ್ಷಣೆ ಮನುಷ್ಯನ ಮೈಮೇಲೆ ಬಂತು. ಎಸ್ಟೆಬಾನ್ ಓಕಾನ್ ಹೆಲ್ಮೆಟ್ಟಿನೊಳಗೇ ವಾಂತಿ ಮಾಡಿಕೊಂಡು, ಹಾಗೇ ಓಡಿಸಿ 7ನೆಯವನಾಗಿ ಮುಗಿಸಿದ. ಲೋಗನ್ ಸಾರ್ಜೆಂಟ್ ಅರ್ಧಕ್ಕೇ ಇಳಿದ. ಅಂದು ಟಯರಿಗೊಂದು ಸಂಖ್ಯೆ ಇತ್ತು. ಡ್ರೈವರಿಗೆ ಇರಲಿಲ್ಲ.

"ಅವರು ಅಥ್ಲೀಟ್‌ಗಳು ಬ್ರೋ, ಕೋಟಿ ಕೋಟಿ ಸಂಬಳ, ಇದೂ ಆಟದ ಭಾಗ" ಅಂತಾರೆ ವೀಕೆಂಡಿಗೆ ರೇಸ್ ನೋಡುವ ನಮ್ಮ ಗೆಳೆಯರು. ಸಂಬಳ ಜಾಸ್ತಿ ಆದರೆ ಮಿದುಳು ಬೇಯುವ ಡಿಗ್ರಿ ಮೇಲಕ್ಕೆ ಹೋಗುತ್ತಾ? ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಕಣ್ಣು ಕತ್ತಲೆ ಬಂದರೆ ಪಕ್ಕದ ಕಾರಿನವನ ಗತಿ ಏನು?

ಕೊನೆಗೆ 2025ರಲ್ಲಿ ಸಂಖ್ಯೆ ಬಂತು. ತೇವಾಂಶವನ್ನೂ ಲೆಕ್ಕಕ್ಕೆ ಹಿಡಿದ ಶಾಖ ಸೂಚ್ಯಂಕ 31 ಡಿಗ್ರಿ ದಾಟುವ ಮುನ್ಸೂಚನೆ ಇದ್ದರೆ 'ಹೀಟ್ ಹಜಾರ್ಡ್' ಘೋಷಣೆ. ಕಾರಿನಲ್ಲಿ ಡ್ರೈವರನ್ನು ತಂಪಾಗಿಡುವ ವ್ಯವಸ್ಥೆ ಕಡ್ಡಾಯ. ಸಣ್ಣ ಕೊಳವೆಗಳಲ್ಲಿ ತಣ್ಣನೆಯ ದ್ರವ ಹರಿಯುವ ಬನಿಯನ್ನು. ಅದೇ ವರ್ಷ ಸಿಂಗಾಪುರದ ರೇಸಿಗೆ ಮೊದಲ ಘೋಷಣೆ ಆಯಿತು. ಒಂದು ಬನಿಯನ್ನಿಗೆ ಎರಡು ವರ್ಷ. ಜಗತ್ತಿನ ಅತಿ ಶ್ರೀಮಂತ ಆಟದಲ್ಲೇ ಇಷ್ಟು ತಡ ಅಂದರೆ, ಬಿಸಿ ಡಾಂಬರು ಸುರಿಯುವವರ ಸರದಿ ಯಾವಾಗ?

ಆಗಲ್ಲ ಅನ್ನಬೇಡಿ. ಅದೇ ಕತಾರ್‌ನಲ್ಲಿ, ಕೂಲಿಕಾರರ ಸಾವಿನ ಬಗ್ಗೆ ಜಗತ್ತು ವರ್ಷಗಟ್ಟಲೆ ಉಗಿದ ಮೇಲೆ, 2021ರಲ್ಲಿ ನಿಯಮ ಬಿಗಿಯಾಯಿತು: ಜೂನ್ 1ರಿಂದ ಸೆಪ್ಟೆಂಬರ್ 15ರ ತನಕ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಯಲಲ್ಲಿ ದುಡಿಸುವಂತಿಲ್ಲ. ನಾನು ಹುಟ್ಟಿದ್ದು ರಾಯಚೂರಿನ ಕಡೆಯ ಹಳ್ಳಿಯಲ್ಲಿ. ಏಪ್ರಿಲ್–ಮೇ ಬಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ 1.30 ಆಗುತ್ತೆ. ಒಳ್ಳೇದೇ. ಆದರೆ ಫ್ಯಾನಿನ ಕೆಳಗೆ ಕೂರುವ ಗುಮಾಸ್ತನಿಗೆ ಬಿಸಿಲು ಇದೆ, ಬೆಂಗಳೂರಿನಲ್ಲಿ ನಡುಮಧ್ಯಾಹ್ನ ಹತ್ತು ನಿಮಿಷದಲ್ಲಿ ನಿಮಗೆ ಐಸ್‌ಕ್ರೀಮ್ ತಂದುಕೊಡುವ ಹುಡುಗನಿಗೆ ಇಲ್ಲವಾ?

ನಮ್ಮ ಕಸುಬಿನಲ್ಲಿ ಒಂದು ಮಾತು ಎಲ್ಲರಿಗೂ ಗೊತ್ತು: ಮಿತಿ ಬರೆಯದಿದ್ದರೆ ಅಲರ್ಟ್ ಬರೋದಿಲ್ಲ. ಸರ್ವರ್ ರೂಮು ಬಿಸಿಯಾದರೆ ರಾತ್ರಿ 2 ಗಂಟೆಗೂ ನಮ್ಮ ಫೋನು ಬಡಕೊಳ್ಳುತ್ತೆ. ಆ ಡೆಲಿವರಿ ಆ್ಯಪ್ ಬರೆಯುವವರೂ ನಾವೇ. ಹೊರಗಿನ ಉಷ್ಣಾಂಶ ಅದಕ್ಕೆ ಒಂದು ಎಪಿಐ ಕರೆಯಷ್ಟೇ ದೂರ. ಇಷ್ಟು ಡಿಗ್ರಿ ದಾಟಿದರೆ ಡೆಲಿವರಿ ಟೈಮು ದುಪ್ಪಟ್ಟು, ಆರ್ಡರ್ ಬೇಡ ಅಂದರೂ ರೇಟಿಂಗಿಗೆ ಹೊಡೆತ ಇಲ್ಲ. ನಾಲ್ಕು ಸಾಲಿನ ಕೋಡು. ಮುಂದಿನ ಸ್ಪ್ರಿಂಟ್ ಮೀಟಿಂಗಿನಲ್ಲಿ ಇದನ್ನೊಂದು ಟಿಕೆಟ್ ಮಾಡಿ ಇಡಿ. ಯಾರು ತಿರಸ್ಕರಿಸ್ತಾರೆ, ಯಾವ ಕಾರಣ ಕೊಟ್ಟು ತಿರಸ್ಕರಿಸ್ತಾರೆ, ಅದೂ ದಾಖಲಾಗಲಿ.